ಡೆಲ್ಸಿಯ ಬಾಕಿ ಪಾಳಿಗಳು

ಆರ್ವಿಲ್ ಪ್ರಾಫಿಟ್ ಕುರಿದೊಡ್ಡಿಯ ಬಾಗಿಲಿಗೆ ಬಂದು ನಿಂತಾಗ ನೋಲಾ ಹೆನ್ಸ್ಲಿ ಒಂದು ಕುರಿಯನ್ನು ತೊಡೆಸಂದಿಯಲ್ಲಿ ಒತ್ತಿಹಿಡಿದು ಅದರ ಗೊರಸು ಕತ್ತರಿಸುತ್ತಿದ್ದಳು. ತಲೆಯೆತ್ತಿ ನೋಡಿದವಳು ಕತ್ತರಿಯನ್ನು ಅರ್ಧಕ್ಕೇ ನಿಲ್ಲಿಸಿದಳು. ಅವನು ಮಗಳನ್ನು ಮಣ್ಣು ಮಾಡಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಅಂದು ಹಾಕಿಕೊಂಡಿದ್ದ ಅದೇ ಕಪ್ಪು ಕೋಟು ಮೈಮೇಲಿತ್ತು. ಕಾಲಲ್ಲಿ ಮಾತ್ರ ಮರದ ಮಿಲ್ಲಿನ ಕೆಲಸದ ಬೂಟು.

"ನಾನು ಡೆಲ್ಸಿ ಅಪ್ಪ," ಎಂದ, ಅವಳಿಗೆ ಅದು ಗೊತ್ತೇ ಇಲ್ಲವೇನೋ ಎಂಬಂತೆ. "ಈ ವರ್ಷದ್ದು ಅವಳ ಕೆಲಸದ ಪಾಳಿ ಇನ್ನೂ ಬಾಕಿ ಇದೆಯಂತಲ್ಲ. ಮುಗಿಸಿಕೊಟ್ಟು ಹೋಗೋಣ ಅಂತ ಬಂದೆ."

ನೋಲಾಳ ಕೈ ಸಡಿಲವಾಯಿತು. ಕುರಿ ಒಂದು ಕಾಲಿನ ಗೊರಸನ್ನು ಹಾಗೇ ಉಳಿಸಿಕೊಂಡು ಓಡಿಹೋಯಿತು.

"ಪ್ರಾಫಿಟ್ ಅವರೇ, ಅದನ್ನೆಲ್ಲ ಮನ್ನಾ ಮಾಡಿದಾರೆ. ಮೇ ತಿಂಗಳಲ್ಲಿ ಅವಳ ಪದವಿ ಪತ್ರ ನಿಮ್ಮ ಕೈಗೇ ಕೊಡ್ತಾರೆ. ಡೀನ್ ಹೇಳ್ಲಿಲ್ವಾ?"

"ಹೇಳಿದ್ರು. ಚೆನ್ನಾಗೇ ಹೇಳಿದ್ರು, ಕಾಫೀನೂ ಕೊಟ್ರು. ಮನ್ನಾ ಮಾಡಿಸ್ಕೊಂಡಿದ್ದನ್ನ ಅವಳು ಕೈಯಲ್ಲೂ ಮುಟ್ತಿರ್ಲಿಲ್ಲ ತಾಯಿ. ಕೊನೇ ದಿನದವರೆಗೂ ಒಂದು ಪಾಳೀನೂ ತಪ್ಪಿಸಿದವಳಲ್ಲ."

ಈ ಕೊನೆಯ ಮಾತು ಅವನದಲ್ಲ, ಕಾಲೇಜಿನದು. ಶೋಕಸಭೆಯಲ್ಲಿ ಡೀನ್ ಇದನ್ನೇ ಎರಡು ಸಲ ಹೇಳಿದ್ದರು. ಸಾರ್ವಿಸ್ ಗ್ಯಾಪ್ ಎಂಬ ಬೆಟ್ಟದೂರಿನ ಆ ಕಾಲೇಜಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇನ್ನೊಂದಿಲ್ಲ. ಅಲ್ಲಿ ಯಾರಿಗೂ ಫೀಸಿಲ್ಲ. ಅಡುಗೆಮನೆಯೋ, ಬಡಗಿಶಾಲೆಯೋ, ಕುರಿದೊಡ್ಡಿಯೋ, ಎಲ್ಲಾದರೂ ದುಡಿದು ಓದಬೇಕು. ಬೆಟ್ಟದ ಮಕ್ಕಳಿಗೆ ಓದು ಸಿಗುತ್ತಿದ್ದದ್ದೇ ಹಾಗೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನನ್ನು ಅಲ್ಲಿ ಕ್ಷಮಿಸುತ್ತಾರೆ, ಪಾಳಿಗೆ ಚಕ್ಕರ್ ಹೊಡೆದವನನ್ನು ಕ್ಷಮಿಸುವುದಿಲ್ಲ. ಅಪ್ಪ ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ. ಅದು ಸುಳ್ಳೆಂದು ಗೊತ್ತಿದ್ದ ನೋಲಾ ಅಂದು ಎರಡನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಈಗಲೂ ತಲೆ ತಗ್ಗಿಸಿಯೇ ಕೇಳಿದಳು. "ಮಿಲ್ಲಿನ ಕೆಲಸ?"

"ರಜಾ ಹಾಕಿದೀನಿ. ಕೊಡ್ಲಿಲ್ಲ ಅಂದ್ರೂ ಹಾಕಿದೀನಿ."

ಹೀಗೆ ಆರ್ವಿಲ್ ಕುರಿ ತಂಡ ಸೇರಿದ. ದೊಡ್ಡಿಯ ಪಕ್ಕದಲ್ಲಿ, ಹಿಂದೆ ಸಂಬಳದ ಆಳು ಇರುತ್ತಿದ್ದ ಒಂದು ಕೋಣೆಯಿತ್ತು. ಅದರಲ್ಲಿದ್ದ ಉಣ್ಣೆ ಮೂಟೆಗಳನ್ನು ಹೊರಗೆ ಸಾಗಿಸಿ ಅವನಿಗೊಂದು ಮಂಚ ಹಾಕಿಕೊಟ್ಟರು.

ನೋಲಾ ಆ ದೊಡ್ಡಿಗೆ ಮೇಸ್ತ್ರಿಯಾಗಿ ಮೂವತ್ತು ವರ್ಷದ ಮೇಲಾಗಿತ್ತು. ಅದಕ್ಕೂ ಮೊದಲು ಅವಳೂ ಅಲ್ಲೇ ಓದಿದವಳು, ಅದೇ ದೊಡ್ಡಿಯ ಸಗಣಿ ಗೋರಿದವಳು. ಆಗ ಮನೆಯಲ್ಲಿ ತಾಯಿ ಕೊನೆಯುಸಿರು ಎಳೆಯುತ್ತಿದ್ದಳು. ನೋಲಾ ವಾರಕ್ಕೆರಡು ಸಲ ಕದ್ದು ಬೆಟ್ಟ ದಾಟಿ ಹೋಗುತ್ತಿದ್ದಳು. ಅವಳ ಪಾಳಿಯನ್ನು ಜೊತೆಯವರು ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದರು. ಅಂದಿನ ಮೇಸ್ತ್ರಿ ನೋಡಿಯೂ ನೋಡದವನಂತೆ ಇದ್ದುಬಿಟ್ಟ. ಹಾಗಾಗಿ ಅವಳು ತಾಯಿಯ ಮುಖವನ್ನೂ ಕಂಡಳು, ಪದವಿಯನ್ನೂ ಪಡೆದಳು.

ಆ ಋಣವನ್ನು ಅವಳು ಮರೆಯಲಿಲ್ಲ. ತಾನು ಮೇಸ್ತ್ರಿಯಾದ ಮೇಲೆ ಅದನ್ನೇ ತಂಡದ ಪದ್ಧತಿ ಮಾಡಿದಳು. ಯಾರಿಗಾದರೂ ಆಗದಿದ್ದರೆ ಅವರ ಪಾಳಿಯನ್ನು ಉಳಿದವರು ಹಂಚಿಕೊಂಡು ಮಾಡಬೇಕು, ಮೇಸ್ತ್ರಿಯ ತನಕ ದೂರು ಬರಬಾರದು. "ಕೆಲಸ ಆಯ್ತಾ ಅಂತ ಕೇಳ್ತೀನಿ. ಯಾರು ಮಾಡಿದ್ರು ಅಂತ ಕೇಳೋಳಲ್ಲ ನಾನು," ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇರುತ್ತಿತ್ತು. ಬೇರೆ ತಂಡದ ಮಕ್ಕಳು ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಿದ್ದರೆ, ನೋಲಾಳ ಮಕ್ಕಳು ಒಬ್ಬರಿಗೊಬ್ಬರು ಜೀವ ಬಿಡುತ್ತಾರೆ ಎಂದು ಕಾಲೇಜೆಲ್ಲ ಮಾತಾಡುತ್ತಿತ್ತು.

ಡೆಲ್ಸಿ ತೀರಿಕೊಂಡ ಈ ಮಾರ್ಚ್ ತಿಂಗಳ ರಜೆಯಲ್ಲಿ ಕಾಲೇಜು ಖಾಲಿಯಾಗಿತ್ತು. ಕುರಿಗಳು ಮರಿ ಹಾಕುವ ಕಾಲವಾದ್ದರಿಂದ ಈ ತಂಡ ಮಾತ್ರ ಉಳಿದಿತ್ತು. ಡೆಲ್ಸಿ, ಅವಳ ಗೆಳತಿ ಜೂನಿ, ಟೋಬಿನ್ ಎಂಬ ಹುಡುಗ, ಮೂವರೇ. ಸೋಮವಾರ ಬೆಳಿಗ್ಗೆ ಡೆಲ್ಸಿಗೆ ಹೊಟ್ಟೆನೋವು ಬಂತು. "ಮಲಗಿದ್ರೆ ಹೋಗತ್ತೆ ಕಣೇ, ಮಿಸ್ ನೋಲಾಗೆ ಹೇಳ್ಬೇಡ," ಎಂದು ಜೂನಿಗೆ ಹೇಳಿದಳು. ಜೂನಿ ಅವಳ ಪಾಳಿಯನ್ನೂ ತಾನೇ ಮಾಡಿದಳು. ಸಂಜೆ ನೋಲಾ, "ಡೆಲ್ಸಿ ಎಲ್ಲಿ?" ಎಂದಾಗ, "ಈಗಷ್ಟೇ ಮೇಲಿನ ದೊಡ್ಡಿ ಕಡೆ ಹೋದ್ಲು," ಎಂದು ಕಣ್ಣು ಮಿಟುಕಿಸದೆ ಹೇಳಿದಳು.

ಅದು ಸುಳ್ಳೆಂದು ನೋಲಾಳಿಗೆ ಆಗಲೇ ಗೊತ್ತಾಗಿತ್ತು. ಡೆಲ್ಸಿ ಮರಿಗಳ ಹಾಲಿನ ಬಾಟಲಿಗಳನ್ನು ತೊಳೆದು ಸಿಕ್ಕಲ್ಲಿ ಕುಕ್ಕುವವಳು. ಅಂದು ಯಾರೋ ಅವನ್ನು ಸಾಲಾಗಿ ಬೋರಲಿಟ್ಟಿದ್ದರು. ಹುಡುಗಿ ಯಾರೋ ಹುಡುಗನ ಜೊತೆ ಪೇಟೆಗೆ ಹೋಗಿರಬೇಕು ಎಂದುಕೊಂಡು ನೋಲಾ ಒಳಗೊಳಗೇ ನಕ್ಕಳು. ನನ್ನ ಮಕ್ಕಳು ಎಂದುಕೊಂಡಳು. ಹಾಳೆಯಲ್ಲಿ ಹಾಜರಿ ಹಾಕಿದಳು.

ಮಂಗಳವಾರವೂ ಅದೇ ಆಯಿತು. ಮಧ್ಯಾಹ್ನ ಜೂನಿ ಸೂಪು ಒಯ್ದಾಗ ಡೆಲ್ಸಿ, "ಈಗ ನೋವಿಲ್ಲ, ನಿದ್ದೆ ಬರ್ತಿದೆ ಅಷ್ಟೇ," ಎಂದಳು. ಒಳಗೆ ಒಡೆದಾಗ ನೋವು ಕಡಿಮೆಯಾಗುತ್ತದೆಂದು ಇಪ್ಪತ್ತರ ಹುಡುಗಿಗೆ ಹೇಗೆ ಗೊತ್ತಾಗಬೇಕು. ಸಂಜೆ ಜೂನಿ ಮೆಲ್ಲಗೆ ಒಂದು ಸಲ ಬಾಗಿಲು ತಟ್ಟಿ, ಉತ್ತರ ಬರದಿದ್ದಾಗ, ಮಲಗಿದಾಳೆ, ಪಾಪ, ಎಂದು ತುದಿಗಾಲಲ್ಲಿ ವಾಪಸು ಬಂದಳು. ಬುಧವಾರ ಬೆಳಿಗ್ಗೆ ಬಾಗಿಲು ಒಡೆಯಬೇಕಾಯಿತು. ಅಪೆಂಡಿಕ್ಸ್ ಒಡೆದಿತ್ತು ಎಂದರು ಡಾಕ್ಟರು. ಆಸ್ಪತ್ರೆಗೆ ಹೋಗಲು ಒಂದು ಗಂಟೆಯೂ ಬೇಕಿರಲಿಲ್ಲ, ದೊಡ್ಡಿಯ ಟ್ರಕ್ಕು ಬಾಗಿಲಲ್ಲೇ ನಿಂತಿತ್ತು.

ಹಾಳೆಯಲ್ಲಿ ಎರಡು ದಿನದ ಹಾಜರಿ ಇತ್ತು. ಡೀನ್ ಅದನ್ನೇ ನಂಬಿದರು, ಅದನ್ನೇ ಸಭೆಯಲ್ಲಿ ಹೇಳಿದರು. ಆಮೇಲೆ ತಿದ್ದಲು ನೋಲಾಳಿಗೆ ಬಾಯಿ ಬರಲಿಲ್ಲ. ಅಪ್ಪನಿಗೆ ಆ ಮಾತೊಂದೇ ಸಮಾಧಾನ, ಅದನ್ನೂ ಯಾಕೆ ಕಿತ್ತುಕೊಳ್ಳಲಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಇನ್ನರ್ಧ ಹೆದರಿಕೆ.

ಆರ್ವಿಲ್ ಕೆಲಸದಲ್ಲಿ ಎತ್ತಿದ ಕೈ. ಸೊಂಟ ಹಿಡಿದುಹೋಗಿದ್ದರೂ ಹುಲ್ಲಿನ ಹೊರೆಗಳನ್ನು ಹುಡುಗರಿಗಿಂತ ಮೊದಲೇ ಹೊತ್ತು ಹಾಕುತ್ತಿದ್ದ. ಊಟಕ್ಕೆ ಎಲ್ಲರ ಜೊತೆ ದೊಡ್ಡಿಯ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ.

"ಅಣ್ಣಾವ್ರೇ, ನಿಧಾನ ಮಾಡಿ," ಎಂದು ಟೋಬಿನ್ ಒಮ್ಮೆ ರೇಗಿಸಿದ. "ನೀವು ಹಿಂಗೆ ಮಾಡಿದ್ರೆ ನಾಳೆ ಮಿಸ್ ನೋಲಾ ನಮ್ಮನ್ನೂ ಹಂಗೇ ಮಾಡಿ ಅಂತಾರೆ."

"ನಿನ್ನ ವಯಸ್ಸಲ್ಲಿ ನಾನು ನಿನ್ನ ಹಾಗೇ ಮೈಗಳ್ಳ ಕಣಪ್ಪ. ನಮ್ಮಪ್ಪನ ಬೆಲ್ಟು ಸರಿ ಮಾಡ್ತು."

ಹುಡುಗರು ನಕ್ಕರು. ಜೂನಿ ನಗಲಿಲ್ಲ. ಅವನು ಬಂದ ದಿನದಿಂದ ಅವಳು ಅವನ ಕಣ್ಣು ತಪ್ಪಿಸಿಕೊಂಡು ತಿರುಗುತ್ತಿದ್ದಳು. ಅವನೋ ಅವಳನ್ನೇ ಹುಡುಕುತ್ತಿದ್ದ. ಮಗಳ ಗೆಳತಿಯಲ್ಲವೇ.

ಒಂದು ಸಂಜೆ ಅವಳನ್ನು ಹಿಡಿದು ನಿಲ್ಲಿಸಿದ. "ನೋಡು ಮಗಾ, ನಿನ್ನನ್ನ ಒಂದು ಕೇಳ್ಕೊತೀನಿ. ಆ ಕೊನೇ ಸಂಜೆ ಅವಳು ಏನೇನ್ ಮಾಡಿದ್ಲು, ಅದನ್ನ ಹಾಗ್ಹಾಗೇ ತೋರಿಸಿಕೊಡು. ಮೊದಲು ಏನು, ಆಮೇಲೆ ಏನು, ಎಲ್ಲಿ ನಿಂತ್ಲು. ನಾನೂ ಒಂದ್ಸಲ ಹಾಗೇ ಮಾಡ್ತೀನಿ."

ಜೂನಿ ನೋಲಾಳ ಕಡೆ ನೋಡಿದಳು. ನೋಲಾ ಹಾಲಿನ ಪುಡಿ ಕದಡುತ್ತಿದ್ದಳು. ಕದಡುತ್ತಲೇ ಇದ್ದಳು.

ಜೂನಿ ತೋರಿಸಿದಳು. ಮೊದಲು ನೀರಿನ ತೊಟ್ಟಿ. ಆಮೇಲೆ ತಬ್ಬಲಿ ಮರಿಗಳಿಗೆ ಹಾಲು, ಕಪ್ಪು ಮುಖದ್ದಕ್ಕೆ ಮೊದಲು, ಇಲ್ಲದಿದ್ದರೆ ಅದು ಉಳಿದವನ್ನು ತುಳಿಯುತ್ತದೆ. ಆಮೇಲೆ ಹೊಸದಾಗಿ ಈದ ಕುರಿಗಳ ಹಾಸು ಬದಲಾಯಿಸುವುದು. ಒಂದು ಮಾತೂ ಸುಳ್ಳಲ್ಲ, ಆ ಸಂಜೆ ನಡೆದದ್ದೆಲ್ಲ ಹಾಗೆಯೇ. ಮಾಡಿದವಳು ಮಾತ್ರ ಬೇರೆ. ಆರ್ವಿಲ್ ಅವಳ ಹಿಂದೆ ಹಿಂದೆಯೇ ನಡೆದು, ಅವಳು ಕೈಯಿಟ್ಟಲ್ಲೆಲ್ಲ ತಾನೂ ಕೈಯಿಟ್ಟ.

"ಕೊನೆಗೆ?"

"ಕೊನೆಗೆ ಈ ತಡಿಕೆ ಸಡಿಲ ಆಗಿತ್ತು. ಹುರಿ ಹಾಕಿ ಕಟ್ಟಿದ್ದು," ಎಂದಳು ಜೂನಿ.

ಆರ್ವಿಲ್ ಆ ಗಂಟಿನ ಮುಂದೆ ಮಂಡಿಯೂರಿ ಕೂತ. ಕಿತ್ತಳೆ ಬಣ್ಣದ ಹುರಿ, ಹುಲ್ಲಿನ ಹೊರೆ ಕಟ್ಟಲು ಬರುವಂಥದ್ದು. ಬೆರಳಿಂದ ಸವರಿ ನೋಡಿದ. "ಎಷ್ಟು ಗಟ್ಟಿ ಕಟ್ಟಿದಾಳೆ," ಎಂದ. ಆಮೇಲೆ ಆ ಹುರಿಯನ್ನು ಗಂಟು ಬಿಚ್ಚದಂತೆ ಮೆಲ್ಲಗೆ ತಡಿಕೆಯಿಂದ ಜಾರಿಸಿ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಕೋಟಿನ ಒಳಜೇಬಿಗೆ ಇಟ್ಟುಕೊಂಡ. ತಡಿಕೆಗೆ ಬೇರೆ ಹುರಿ ಕಟ್ಟಿದ.

ಜೂನಿ ಅಲ್ಲಿಂದ ನೇರವಾಗಿ ದೊಡ್ಡಿಯ ಹಿಂದಕ್ಕೆ ಹೋಗಿ ವಾಂತಿ ಮಾಡಿದಳು. ನೋಲಾ ನೀರು ಹಿಡಿದು ಹಿಂದೆಯೇ ಹೋದಳು.

"ಅದು ನಾನು ಕಟ್ಟಿದ್ದು ಮಿಸ್ ನೋಲಾ. ನಾನು ಕಟ್ಟಿದ್ದನ್ನ ಎದೆ ಹತ್ರ ಇಟ್ಕೊಂಡ್ರು."

"ನೋಡ್ದೆ."

"ನೀವು ಹೇಳ್ತೀರೋ, ನಾನೇ ಹೇಳ್ಲೋ? ನನ್ನ ಕೈಲಿ ಇನ್ನಾಗಲ್ಲ."

"ನೀನು ಹೇಳ್ಬೇಡ," ಎಂದಳು ನೋಲಾ. "ಇದು ನನ್ನ ಪಾಳಿ. ಇದನ್ನ ನನ್ನ ಬದಲಿಗೆ ಇನ್ನೊಬ್ರು ಮಾಡೋ ಹಾಗಿಲ್ಲ."

ಹಾಗೆಂದವಳು ಆ ರಾತ್ರಿಯೆಲ್ಲ ಮಾತು ಜೋಡಿಸಿದಳು. ಬೆಳಿಗ್ಗೆ ಅವನ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಹಾರಿಹೋಗಿತ್ತು. ಅವನು ನಲ್ಲಿ ಬಿಟ್ಟುಕೊಂಡು ತೊಟ್ಟಿ ಉಜ್ಜುತ್ತಿದ್ದ.

"ಪ್ರಾಫಿಟ್ ಅವರೇ, ಕೆಲಸ ಬಿಡಿ. ಕೂತ್ಕೊಳಿ."

ಅವನು ಕೂರಲಿಲ್ಲ. ಬ್ರಷ್ಷು ಹಿಡಿದೇ ನಿಂತ.

"ಆ ಹುರಿ ಡೆಲ್ಸಿ ಕಟ್ಟಿದ್ದಲ್ಲ. ಆ ಸಂಜೆ ಅವಳು ದೊಡ್ಡಿಗೆ ಬರ್ಲೇ ಇಲ್ಲ. ಅದಕ್ಕೆ ಹಿಂದಿನ ದಿನಾನೂ ಬಂದಿರ್ಲಿಲ್ಲ. ಹೊಟ್ಟೆನೋವು ಅಂತ ರೂಮಲ್ಲಿ ಮಲಗಿದ್ಲು. ಅವಳ ಪಾಳಿ ಹುಡುಗರು ಮಾಡಿದ್ರು, ನಾನು ಹಾಜರಿ ಹಾಕ್ದೆ."

ನೀರು ತೊಟ್ಟಿ ತುಂಬಿ ಹೊರಗೆ ಹರಿಯಿತು. ಆರ್ವಿಲ್ ಬಗ್ಗಿ ನಲ್ಲಿ ನಿಲ್ಲಿಸಿದ.

"ಮಲಗಿದ್ಲು," ಎಂದ.

"ಹೌದು."

"ಎರಡು ದಿನಾನೂ? ಏಳ್ಲೇ ಇಲ್ವಾ?"

"ಏಳ್ಲಿಲ್ಲ."

ಅವನು ಈಗ ಕೂತ, ಒದ್ದೆ ನೆಲದ ಮೇಲೆಯೇ. ನೋಲಾ ಬೈಗುಳಕ್ಕೆ ಕಾದಳು. ಬಂದದ್ದು ಬೇರೆ.

"ಸೋಮವಾರ ಮಧ್ಯಾಹ್ನ ಫೋನ್ ಮಾಡಿದ್ಲು ನನಗೆ. ಮಿಲ್ಲಲ್ಲಿ ಊಟದ ಹೊತ್ತು. ಅಪ್ಪ, ಹೊಟ್ಟೆ ನೋಯ್ತಿದೆ, ಇವತ್ತು ಮಲಗಿಬಿಡ್ತೀನಿ ಅಂದ್ಲು. ನಮ್ಮಪ್ಪ ಒಂದು ಮಾತು ಹೇಳ್ತಿದ್ದ, ಪ್ರಾಫಿಟ್ ಮನೆಯೋರು ಹಗಲು ಹೊತ್ತು ಮಲಗೋದು ಹೆಣದ ಪೆಟ್ಟಿಗೇಲಿ ಮಾತ್ರ ಅಂತ. ಅದನ್ನೇ ಹೇಳ್ದೆ. ನಗ್ತಾನೇ ಹೇಳ್ದೆ, ಪಕ್ಕದಲ್ಲಿದ್ದೋರಿಗೂ ಕೇಳಿಸೋ ಹಾಗೆ. ಆಯ್ತಪ್ಪ, ಏಳ್ತೀನಿ ಅಂದ್ಲು."

ನೋಲಾ ಅವನ ಕೈಯಿಂದ ಬ್ರಷ್ಷು ತೆಗೆದುಕೊಂಡಳು.

"ಆಮೇಲೆ ನಿಮ್ಮ ಡೀನು, ಕೊನೇ ದಿನದವರೆಗೂ ಪಾಳಿ ತಪ್ಪಿಸಲಿಲ್ಲ ಅಂದ್ರು. ಎಲ್ರೂ ನನ್ನ ಕೈ ಕುಲುಕಿ ಅದನ್ನೇ ಹೇಳಿದ್ರು. ನನ್ನ ಮಾತು ಕೇಳಿ ಎದ್ದಳಲ್ಲ, ಹೊಟ್ಟೆ ಹಿಡ್ಕೊಂಡು ಈ ತೊಟ್ಟಿ ಉಜ್ಜಿದಳಲ್ಲ ಅಂತ ನಾನು ಒಂದು ರಾತ್ರೀನೂ ಕಣ್ಣು ಮುಚ್ಚಿಲ್ಲ ತಾಯಿ. ಎಲ್ಲೆಲ್ಲಿ ನಿಂತು ನೋವು ತಿಂದ್ಲೋ ಅಲ್ಲಲ್ಲೇ ನಿಲ್ಲೋಣ ಅಂತ ಬಂದೆ."

ಅವನಿಗೆ ಸಮಾಧಾನವೆಂದು ಇವರು ಕಾಪಾಡಿಕೊಂಡು ಬಂದ ಸುಳ್ಳು ಇಷ್ಟು ದಿನ ಅವನನ್ನು ಒಳಗಿಂದ ತಿನ್ನುತ್ತಿತ್ತು. ನೋಲಾಳಿಗೆ ಅಳಬೇಕೋ ಅವನ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

"ನನ್ನ ಮಾತು ಕೇಳ್ಲಿಲ್ಲ ಅವಳು," ಎಂದ ಆರ್ವಿಲ್. ಮುಖದಲ್ಲಿ ನಗೆಯಂಥದ್ದೇನೋ ಬಂದು ಹೋಯಿತು. "ಒಳ್ಳೇದು ಮಾಡಿದ್ಲು. ಹಾಸಿಗೇಲೇ ಇದ್ಲು." ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕುರಿಗಳು ಮೇಯುವುದನ್ನು ನಿಲ್ಲಿಸಿ ನೋಡಿದವು.

ಅತ್ತು ಮುಗಿದ ಮೇಲೆ ಅವನ ದನಿ ಬದಲಾಗಿತ್ತು. "ನಿಮಗೆ ಗೊತ್ತಿತ್ತಾ?"

"ಅವಳು ಬಂದಿಲ್ಲ ಅಂತ ಗೊತ್ತಿತ್ತು. ಯಾಕೆ ಬಂದಿಲ್ಲ ಅಂತ ಗೊತ್ತಿರ್ಲಿಲ್ಲ."

"ಕೇಳ್ಬೋದಿತ್ತು."

"ಕೇಳ್ಬೋದಿತ್ತು. ಕೇಳ್ದೇ ಇರೋದೇ ನನ್ನ ದೊಡ್ಡಸ್ತಿಕೆ ಆಗಿತ್ತು. ಹುಡುಗರನ್ನ ಬೈಬೇಡಿ. ಅವ್ರಿಗೆ ಹಾಗೆ ಕಲಿಸಿದ್ದು ನಾನು."

ಅವನು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕರವಸ್ತ್ರ ಬಿಡಿಸಿ ಹುರಿಯನ್ನು ನೋಲಾಳ ಕೈಗಿಟ್ಟ. "ಆ ಹುಡುಗಿಗೆ ಕೊಡಿ. ಗಂಟು ಗಟ್ಟಿಯಾಗಿ ಹಾಕಿದೀಯ ಅಂತ ಹೇಳಿ." ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಇನ್ನೊಂದು. ಆ ಎರಡು ದಿನದ ಹಾಜರಿ ಹೊಡೆದುಹಾಕಿ. ಮಲಗಿದ್ಲು ಅಂತ ಬರೀರಿ. ಎಲ್ರಿಗೂ ಕಾಣೋ ಹಾಗೆ ಬರೀರಿ. ಆ ಪಾಳೀನೂ ನಾನೇ ಮಾಡ್ತೀನಿ."

ನೋಲಾ ಅಂದೇ ಡೀನರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದಳು. ತೆಗೆಯಲಿಲ್ಲ, ವರ್ಷ ಮುಗಿಯಲಿ ನೋಡೋಣ ಎಂದರು. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಮೇ ತಿಂಗಳಲ್ಲಿ ಪದವಿ ಸಮಾರಂಭವಾಯಿತು. ಈ ಸಲ ಡೀನ್ ಹಾಜರಿಯ ಮಾತೆತ್ತಲಿಲ್ಲ. ಆರ್ವಿಲ್ ಅದೇ ಕಪ್ಪು ಕೋಟಿನಲ್ಲಿ ಹೋಗಿ ಮಗಳ ಪತ್ರ ತೆಗೆದುಕೊಂಡ. ಮಾರನೆಯ ದಿನ ಕಾರುಗಳು ಬಂದವು, ಮಕ್ಕಳು ಹೊರಟರು. ಜೂನಿ ಹೋಗುವ ಮುಂಚೆ ಆರ್ವಿಲ್‌ನ ಮುಂದೆ ನಿಂತು ಅವನ ಎದೆಗೆ ಹಣೆ ಒತ್ತಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. "ಹೋಗ್ಬಾ ಮಗಾ," ಎಂದ.

ಆ ಎರಡು ದಿನದ ಪಾಳಿ ಮಾತ್ರ ಉಳಿದಿತ್ತು. ಮೊದಲನೆಯ ದಿನ ನೋಲಾ ಮತ್ತು ಅವನು ಇಬ್ಬರೇ ದುಡಿದರು. ಕೆಲಸಕ್ಕೆ ಬೇಕಾದಷ್ಟೇ ಮಾತು, ಅದಕ್ಕಿಂತ ಹೆಚ್ಚಿಲ್ಲ.

ಎರಡನೆಯ ಬೆಳಿಗ್ಗೆ ಅವನು ಬರಲಿಲ್ಲ. ನೋಲಾ ತೊಟ್ಟಿ ತುಂಬಿಸಿದಳು. ಮರಿಗಳಿಗೆ ಹಾಲು ಕೊಡಲು ಬಾಟಲಿ ಎತ್ತಿಕೊಂಡಳು. ಅವನ ಕೆಲಸ ಅದು. ದಣಿದಿರಬೇಕು, ಮಲಗಲಿ, ನಾನೇ ಮಾಡಿದರಾಯಿತು ಎಂದುಕೊಂಡಳು. ತಾನು ಏನೆಂದುಕೊಂಡೆನೆಂದು ಅರಿವಾದದ್ದೇ ತಡ, ಬಾಟಲಿ ಬಿಸಾಕಿ ಓಡಿದಳು.

ಅವನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದಳು. ಸದ್ದಿಲ್ಲ. ಹೆಸರು ಹಿಡಿದು ಕೂಗಿದಳು. ಆಮೇಲೆ ಎರಡೂ ಮುಷ್ಟಿಯಿಂದ ಬಡಿದಳು, ಹಲಗೆ ಅದುರುವಂತೆ, ಬೆರಳ ಗೆಣ್ಣಿನ ಚರ್ಮ ಸುಲಿಯುವಂತೆ ಬಡಿದಳು. ಬಡಿಯುತ್ತಲೇ ಅಳುತ್ತಿದ್ದಳು.

ಚಿಲಕ ಸರಿಯಿತು. ಆರ್ವಿಲ್ ಬನಿಯನ್ನಿನಲ್ಲಿ, ಕೆದರಿದ ತಲೆಯಲ್ಲಿ ನಿಂತಿದ್ದ. ಮುಖದ ಮೇಲೆ ದಿಂಬಿನ ಗೆರೆ ಇತ್ತು. ಮಗಳು ಹೋದ ಮೇಲೆ ಮೊದಲ ಬಾರಿಗೆ ಅವನಿಗೆ ಗಾಢ ನಿದ್ದೆ ಬಂದಿತ್ತು.

"ಏನಾಯ್ತು?"

"ಏನಿಲ್ಲ," ಎಂದಳು ನೋಲಾ, ಏದುಸಿರು ಬಿಡುತ್ತ. "ನೀವು ಬರ್ಲಿಲ್ಲ. ಯಾಕೆ ಅಂತ ಕೇಳೋಕೆ ಬಂದೆ."

ಅವನು ಅವಳ ಕೈ ನೋಡಿದ. ಗೆಣ್ಣುಗಳಲ್ಲಿ ರಕ್ತ ಇಣುಕಿತ್ತು. ಬಾಗಿಲನ್ನೂ ಒಮ್ಮೆ ನೋಡಿದ. ಆಮೇಲೆ ಹೊಸ್ತಿಲ ಮೇಲೆ ಮೆಲ್ಲಗೆ ಕುಸಿದು ಕೂತ.

"ಅವತ್ತು ಇಷ್ಟು ಬಡಿದಿದ್ರೆ ಸಾಕಿತ್ತು ತಾಯಿ," ಎಂದ.

"ಸಾಕಿತ್ತು," ಎಂದಳು ನೋಲಾ.

ಅವಳೂ ಅಲ್ಲೇ ಕೂತಳು. ಹಾಲಿಗೆ ಹೊತ್ತಾಯಿತೆಂದು ಮರಿಗಳು ಒಂದೇ ಸಮನೆ ಕೂಗುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಆರ್ವಿಲ್ ಎದ್ದು ಬೂಟು ಹಾಕಿಕೊಂಡು ಮಗಳ ಕೊನೆಯ ಪಾಳಿಗೆ ಹೊರಟ.